ಹತಾರ ಕೊಡದ ಹಲಗಲಿ

ಕಾಗವಾಡದ ಕಬ್ಬಿನ ಹೊಲಗಳನ್ನು ಹಿಂದಿಕ್ಕಿ ಅಥಣಿಗೆ ಬಂದು, ಕೃಷ್ಣೆಯನ್ನು ದಾಟಿ ಜಮಖಂಡಿ ಸೇರಿದರೆ ಮುಧೋಳ ಬಹು ದೂರವೇನಲ್ಲ. ಕವಿಚಕ್ರವರ್ತಿ ರನ್ನನ ಊರು ಅದು; ಬೇಟೆನಾಯಿಗಳಿಗೂ ಹೆಸರುವಾಸಿ. ಬಾದಾಮಿ, ಐಹೊಳೆಗಳ ಪ್ರವಾಸಕ್ಕೆ ಹೊರಟ ಮಕ್ಕಳು, ಹಿರಿಯರು ಇದೇ ತಾಲ್ಲೂಕಿನ ಹಲಗಲಿಗೂ ಅರ್ಧ ದಿನ ಎತ್ತಿಡಬೇಕು. ಇಲ್ಲಿ ಕೆತ್ತನೆಯ ಗುಡಿಗಳನ್ನು ಹುಡುಕಿಕೊಂಡು ಬರಬೇಕಾಗಿಲ್ಲ. ಈ ಊರಿನ ಶಿಲ್ಪವೆಲ್ಲ ಒಂದು ಲಾವಣಿಯಲ್ಲಿದೆ.

1857ರಲ್ಲಿ ಉತ್ತರದ ಸಿಪಾಯಿಗಳ ದಂಗೆಯಿಂದ ಬೆಚ್ಚಿದ ಕಂಪನಿ ಸರಕಾರ, ಜನ ತಮ್ಮ ಬಳಿಯ ಆಯುಧಗಳನ್ನೆಲ್ಲ ಒಪ್ಪಿಸಬೇಕೆಂದು ಕಾಯಿದೆ ತಂದಿತು. ಮುಧೋಳ ಘೋರ್ಪಡೆಯವರ ಸಂಸ್ಥಾನವಾಗಿದ್ದರೂ ಹುಕುಂ ಅಲ್ಲಿಗೂ ಬಂತು. ಕಚೇರಿಯ ಸಾಹೇಬನಿಗೆ ಅದು ಕಬ್ಬಿಣದ ಲೆಕ್ಕ. ಬೇಟೆಯಾಡಿ ಬದುಕುವ ಬೇಡನಿಗೆ ಹತಾರವೇ ಅನ್ನ, ಹತಾರವೇ ಮಾನ. ಹಣಮ, ಬಾಲ, ಜಡಗ, ರಾಮ ಎಂಬ ನಾಲ್ವರ ಮುಂದಾಳುತನದಲ್ಲಿ ಹಲಗಲಿಯ ಬೇಡರು ಕೊಡುವುದಿಲ್ಲವೆಂದರು. ನವೆಂಬರ್ ಕೊನೆಯಲ್ಲಿ ಕುದುರೆ ದಂಡು ಊರನ್ನು ಸುತ್ತುವರಿಯಿತು. ಮನೆಗಳಿಗೆ ಬೆಂಕಿ ಬಿತ್ತು. ಸೆರೆ ಸಿಕ್ಕವರಲ್ಲಿ 13 ಮಂದಿಯನ್ನು ಡಿಸೆಂಬರ್ 11ರಂದು ಮುಧೋಳದಲ್ಲಿಯೂ, 6 ಮಂದಿಯನ್ನು 14ರಂದು ಹಲಗಲಿಯಲ್ಲಿಯೂ ಗಲ್ಲಿಗೇರಿಸಿದರು. ಹುಕುಂ ಮೀರಿದವರಿಗೆ ಶಿಕ್ಷೆ ಎನ್ನುವುದಕ್ಕಿಂತ ನೋಡುವವರಿಗೆ ಎಚ್ಚರಿಕೆ ಎನ್ನಬೇಕು. ಇಲ್ಲವಾದರೆ ಎರಡು ಊರು ಯಾಕೆ?

ದೂರದ ಮೆಕ್ಸಿಕೊದಲ್ಲಿ ಸ್ಪೇನಿನ ಅಧಿಕಾರಿಗಳೂ ಅಲ್ಲಿಯ ಮೂಲನಿವಾಸಿಗಳು ಕತ್ತಿ ಹಿಡಿಯಬಾರದು, ಕುದುರೆ ಏರಬಾರದು ಎಂದು ಕಟ್ಟಳೆ ಮಾಡಿದ್ದರು. ಅಲ್ಲಿ ಸೋತವರ ಮಾತನ್ನು ಅವರದೇ ನಾವಾಟ್ಲ್ ಭಾಷೆಯಲ್ಲಿ ಬರೆಸಿಟ್ಟವನು ಸಹಗೂನ್ ಎಂಬ ಸ್ಪೇನಿನ ಪಾದ್ರಿ. ಹಲಗಲಿಯ ಕಥೆಗೂ ಅಂಥ ತಿರುವಿದೆ. ಬೇಡರ ಈ ಲಾವಣಿಯನ್ನು ಸಂಗ್ರಹಿಸಿ 1880ರ ದಶಕದಲ್ಲಿ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಅಚ್ಚುಹಾಕಿಸಿದ ಜೆ.ಎಫ್. ಫ್ಲೀಟ್, ಶಾಸನಗಳ ವಿದ್ವಾಂಸನೇನೋ ಹೌದು. ಆದರೆ ಉದ್ಯೋಗದಿಂದ ಆತನೂ ಬ್ರಿಟಿಷ್ ಸರಕಾರದ ಅಧಿಕಾರಿಯೇ!

ಹತ್ತನೆಯ ತರಗತಿಯ ಕನ್ನಡ ಪುಸ್ತಕದಲ್ಲಿ ಈ ಹಾಡನ್ನು ಓದಿದ ಮಕ್ಕಳು ಕಾಳಗದ ಸಾಲುಗಳನ್ನು ಬಾಯಿಪಾಠ ಮಾಡಿರುತ್ತಾರೆ. ಲೂಟಿಯ ಭಾಗವನ್ನು ಇನ್ನೊಮ್ಮೆ ಓದಬೇಕು. ದಂಡಿನವರು ಹೊತ್ತು ಒಯ್ದದ್ದರ ಪಟ್ಟಿಯಲ್ಲಿ ಕೊಡಲಿಯೊಂದಿಗೆ ಉಪ್ಪು, ಎಣ್ಣೆ, ಹಾಲು, ಮೊಸರು, ಗಂಗಾಳ ಬರುತ್ತವೆ, ಬೀಸುವ ಕಲ್ಲು ಬರುತ್ತದೆ, ಮಂಗಳಸೂತ್ರವೂ ಬರುತ್ತದೆ. ಹಾಡು ಕುರ್ತಕೋಟಿಯ ಕಲ್ಮೇಶನನ್ನು ನೆನೆದು ಮುಗಿಯುತ್ತದೆ. ಕಟ್ಟಿದವನು ತನ್ನ ಹೆಸರು ಹೇಳಿಕೊಂಡಿಲ್ಲ.