ಹೆಳವನ ಹೊತ್ತಿಗೆ

ನಿಡಸೋಸಿ ಎಂದೊಡನೆ ದುರದುಂಡೀಶ್ವರ ಮಠ ನೆನಪಾಗುವುದು ಸಹಜ. ಆದರೆ ಹುಕ್ಕೇರಿ ತಾಲೂಕಿನ ಈ ಸೀಮೆಯಲ್ಲಿ ತನ್ನ ಹಿರಿಯರನ್ನು ಅರಸುವವನು ಹೆಳವನ ದಾರಿ ಕಾಯಬೇಕು. ಇಂಗ್ಲೆಂಡಿನ ಹಳ್ಳಿಯ ಗಾಡಿ ಬಡಿಗನ ಮರಿಮಕ್ಕಳಿಗೆ, 1538ರಿಂದ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳನ್ನು ಬರೆದಿಡುತ್ತ ಬಂದ ಚರ್ಚಿನ ಪುಸ್ತಕಗಳುಂಟು. ಇಲ್ಲಿಯ ಬಡಿಗೇರ, ಕಮ್ಮಾರ, ಕುಂಬಾರರಿಗೆ ಕಸುಬೇ ಅಡ್ಡಹೆಸರು. ಅದು ಅಜ್ಜನ ಕೈಗೆಲಸವನ್ನು ಹೇಳೀತು, ಅವನ ಮೂಲದ ಊರನ್ನು ಹೇಳದು. ಮನೆತನಕ್ಕೊಬ್ಬ ಹೆಳವನಿದ್ದರೆ ಊರು ಬಿಟ್ಟು ಬಂದ ಕಥೆ ಅವನಲ್ಲಿ ಸಿಕ್ಕೀತು. ಹಿಂದೆಲ್ಲ ಸುಗ್ಗಿ ಮುಗಿದ ಮೇಲೆ ಎತ್ತನ್ನೇರಿ ಬಂದು, ಅಂಗಳದಲ್ಲಿ ನಿಂತು ತಲೆಮಾರುಗಳನ್ನು ಹೊಗಳಿ, ಹೊಸದಾಗಿ ಹುಟ್ಟಿದವರನ್ನು ಬರೆದುಕೊಂಡು, ಕಾಳು ಬಟ್ಟೆ ಪಡೆದು ಹೋಗುವುದು ಅವನ ವೃತ್ತಿಯಾಗಿತ್ತು. ಅವನ ಮಗ ಶಾಲೆ ಕಲಿತು ಪಟ್ಟಣದ ನೌಕರಿಗೆ ಹೋದರೆ ತಪ್ಪೆನ್ನಲಾದೀತೆ? ಆದರೆ ಆ ವರುಷ ಹುಟ್ಟಿದ ಕೂಸಿನ ಹೆಸರನ್ನು ಹೊತ್ತಿಗೆಗೆ ಸೇರಿಸುವವರಾರು?