ಬೈಲಕುಪ್ಪೆ: ಜೋಳದ ಹೊಲದ ನಡುವೆ ಒಂದು ಟಿಬೆಟ್

ಮೈಸೂರಿನಿಂದ ಮಡಿಕೇರಿಗೆ ಹೋಗುವ ಹಾದಿಯಲ್ಲಿ ಪಿರಿಯಾಪಟ್ಟಣ ದಾಟಿ, ಕುಶಾಲನಗರ ಇನ್ನೇನು ಬಂತು ಎನ್ನುವಾಗ ಎಡಕ್ಕೆ ಹೊರಳಿಕೊಳ್ಳಿ. ಮುಸುಕಿನ ಜೋಳದ ಹೊಲಗಳ ನಡುವೆ ಬಣ್ಣಬಣ್ಣದ ಪ್ರಾರ್ಥನಾ ಬಾವುಟಗಳು ಕಂಡರೆ ಟಿಬೆಟನ್ನರ ಬೈಲಕುಪ್ಪೆ ಬಂತೆಂದೇ ತಿಳಿಯಿರಿ.

ಶಾಲೆಗೆ ರಜೆಯಿತ್ತು. ಮಗನನ್ನೂ ಕರೆದೊಯ್ದಿದ್ದೆ. ನಾಮ್‌ಡ್ರೋಲಿಂಗ್ ಮಠದ ಸ್ವರ್ಣ ದೇಗುಲದಲ್ಲಿ ಬುದ್ಧ, ಪದ್ಮಸಂಭವ, ಅಮಿತಾಯುಸ್ ಮೂರ್ತಿಗಳನ್ನು ಕತ್ತೆತ್ತಿ ನೋಡಿ ಹೊರಬಂದವನ ಕಣ್ಣು ತನ್ನದೇ ವಯಸ್ಸಿನ ಪುಟ್ಟ ಭಿಕ್ಷುಗಳ ಮೇಲೆ ಬಿತ್ತು. 'ಇವರೆಲ್ಲ ರಜೆಗೆ ಊರಿಗೆ ಹೋಗಲ್ವಾ ಅಪ್ಪ?' ಎಂದ.

ಉತ್ತರಕ್ಕೆ ಬಹಳ ಹಿಂದಕ್ಕೆ ಹೋಗಬೇಕಾಯಿತು. 1959ರ ಮಾರ್ಚ್ 10ರಂದು ಲಾಸಾದ ಜನ ಚೀನಾ ಆಡಳಿತದ ವಿರುದ್ಧ ಬೀದಿಗಿಳಿದರು. ಸೇನೆ ದಂಗೆಯನ್ನು ಹತ್ತಿಕ್ಕಿತು. ದಲೈ ಲಾಮಾ ಹಿಮಾಲಯ ದಾಟಿ ಆ ತಿಂಗಳ ಕೊನೆಗೆ ಭಾರತ ಸೇರಿದರು. ಅವರ ಹಿಂದೆ ಸಾವಿರಾರು ಮಂದಿ ಬಂದರು. ಅಂದಿನ ಮೈಸೂರು ರಾಜ್ಯ ಇಲ್ಲಿ ಸುಮಾರು 3,000 ಎಕರೆ ಕೊಟ್ಟಿತು. ಹಿಮದ ನಾಡಿನವರು ಆನೆಗಳು ಓಡಾಡುವ ಕಾಡನ್ನು ಕಡಿದು, ಬಿಸಿಲಿಗೆ ಬೆಂದು ಜೋಳ ಬಿತ್ತಿದರು. ಲಾಸಾದ ಸೆರಾ ಮಠವೂ ಇಲ್ಲಿ ಮರುಹುಟ್ಟು ಪಡೆಯಿತು. ಚಳಿಗಾಲದಲ್ಲಿ ನಮ್ಮೂರುಗಳಿಗೆ ಬಂದು ಸ್ವೆಟರ್ ಮಾರುವವರು ಇವರೇ.

ಇವರ ನೋವು ಹಳೆಯದಾಗಿಲ್ಲ. 1995ರ ಮೇ ತಿಂಗಳಲ್ಲಿ ದಲೈ ಲಾಮಾ ಗೆಧುನ್ ಚೋಕಿ ನ್ಯಿಮಾ ಎಂಬ ಆರು ವರ್ಷದ ಬಾಲಕನನ್ನು ಪಂಚೆನ್ ಲಾಮಾ ಎಂದು ಗುರುತಿಸಿದರು. ಮೂರೇ ದಿನಗಳಲ್ಲಿ ಚೀನಾ ಅಧಿಕಾರಿಗಳು ಅವನನ್ನೂ ಹೆತ್ತವರನ್ನೂ ಕರೆದೊಯ್ದರು. ಅಂದಿನಿಂದ ಹೊರಜಗತ್ತು ಅವನನ್ನು ಕಂಡಿಲ್ಲ. ಟಿಬೆಟ್‌ನ ಸುಮಾರು 10 ಲಕ್ಷ ಮಕ್ಕಳು ಮನೆಯಿಂದ ದೂರದ ವಸತಿ ಶಾಲೆಗಳಲ್ಲಿ ಚೀನೀ ಭಾಷೆಯಲ್ಲಿ ಕಲಿಯುತ್ತ ತಾಯ್ನುಡಿ ಕಳೆದುಕೊಳ್ಳುತ್ತಿದ್ದಾರೆ ಎಂದು ವಿಶ್ವಸಂಸ್ಥೆಯ ತಜ್ಞರು 2023ರಲ್ಲಿ ಆತಂಕಪಟ್ಟರು. ಚೀನಾ ಅದನ್ನು ಅಲ್ಲಗಳೆಯಿತು. ಮಕ್ಕಳ ಬಾಯಲ್ಲಿ ಕನ್ನಡ ಉಳಿದೀತೇ ಎಂದು ಕೊರಗುವ ನಮಗೆ ಈ ಸಂಕಟ ಅರ್ಥವಾಗದೇ?

ಬೈಲಕುಪ್ಪೆಗೆ ಹೋಗುವುದು ಸುಲಭ. ಮೈಸೂರಿನಿಂದ ಕುಶಾಲನಗರಕ್ಕೆ ಬಸ್ಸುಗಳಿವೆ. ಅಲ್ಲಿಂದ ಆಟೋ ಸಿಗುತ್ತದೆ. ದೇಗುಲದ ಮುಂದೆ ಫೋಟೋ ತೆಗೆಸಿಕೊಳ್ಳಿ, ಬಿಸಿಬಿಸಿ ತುಕ್ಪಾ ಸವಿಯಿರಿ. ಜೊತೆಗೆ ಅಲ್ಲಿನ ಹಿರಿಯರೊಬ್ಬರ ಬಳಿ ಕುಳಿತು ಅವರ ಊರಿನ ಬಗ್ಗೆ ಮಕ್ಕಳಿಂದಲೇ ಕೇಳಿಸಿ. ಕಿವಿಗೊಡುವುದೂ ಬೆಂಬಲವೇ.

ಪ್ರತಿ ಮಾರ್ಚ್ 10ರಂದು ಟಿಬೆಟನ್ನರು ಆ ದಂಗೆಯ ದಿನವನ್ನು ನೆನೆಯುತ್ತಾರೆ. ಮರಳುವಾಗ ಬಸ್ಸಿನಲ್ಲಿ ಮಗ ಕೇಳಿದ: 'ಅವತ್ತು ನಾವೂ ಬರಬಹುದಾ?'

ಬರಬಹುದು ಎಂದೆ.