ಸಿಮೆಂಟಿನ ಜಮಾ-ಖರ್ಚು

ನಾನು ಕಾಮರ್ಸ್ ವಿದ್ಯಾರ್ಥಿ. ಹತ್ತನೆಯವರೆಗೆ ಕನ್ನಡ ಮಾಧ್ಯಮ. ವಿಜ್ಞಾನದ ಸಹವಾಸ ಅಲ್ಲಿಗೇ ಮುಗಿಯಿತು. ಆದರೂ ಸಿಮೆಂಟಿನ ಬಗ್ಗೆ ಬರೆಯುವ ಹಕ್ಕು ನನಗಿದೆ ಅಂದುಕೊಂಡಿದ್ದೇನೆ. ಅಪ್ಪ ಮುಂಬಯಿಯಲ್ಲಿ ಸ್ಲ್ಯಾಬ್ ಹಾಕುವ ಮೇಸ್ತ್ರಿ. ನನ್ನ ಫೀ ಬರುವುದೇ ಆ ಬೂದು ಪುಡಿಯಿಂದ.

ನಮ್ಮೂರು ಕಲಬುರಗಿ ಕಡೆ. ಅಲ್ಲಿ ನೆಲ ಅಗೆದರೆ ಸುಣ್ಣದ ಕಲ್ಲು. ಅದಕ್ಕೇ ವಾಡಿ, ಸೇಡಂ ಸುತ್ತ ಸಿಮೆಂಟ್ ಕಾರ್ಖಾನೆಗಳು. ತಪ್ಪೆಲ್ಲ ಉರಿಸುವ ಕಲ್ಲಿದ್ದಲಿನದು ಅಂತ ತಿಳಿದಿದ್ದೆ. ಓದಿದ ಮೇಲೆ ಗೊತ್ತಾಯಿತು, ಸುಣ್ಣದ ಕಲ್ಲಿನದೇ ಹೆಚ್ಚು. ಗೂಡಿನಲ್ಲಿ ಸುಮಾರು 1,450 ಡಿಗ್ರಿವರೆಗೆ ಕಾಯಿಸುವಾಗ ಕಲ್ಲಿನೊಳಗಿದ್ದ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಒಂದು ಟನ್ ಕ್ಲಿಂಕರಿಗೆ ಕಲ್ಲಿನಿಂದಲೇ ಸುಮಾರು 500 ಕಿಲೋ, ಉರುವಲಿನದು ಬೇರೆ. ಮನುಷ್ಯರು ಗಾಳಿಗೆ ಬಿಡುವ ಈ ಅನಿಲದಲ್ಲಿ ನೂರಕ್ಕೆ 7-8 ಪಾಲು ಸಿಮೆಂಟಿನದಂತೆ.

ಇದು ಖರ್ಚಿನ ಬದಿ. ಜಮಾ ಬದಿಯೂ ಇದೆ. ಹಬ್ಬಕ್ಕೆ ಅಜ್ಜಿ ಗೋಡೆಗೆ ಬಳಿಯುತ್ತಿದ್ದ ಸುಣ್ಣ ಗಾಳಿಯಿಂದ ಅದೇ ಅನಿಲ ಹೀರಿ ಮತ್ತೆ ಕಲ್ಲಾಗುತ್ತದೆ. ಕಾಂಕ್ರೀಟೂ ವರ್ಷಗಟ್ಟಲೆ ಹಾಗೇ ಹೀರುತ್ತದೆ. 2016ರ ಒಂದು ಅಧ್ಯಯನದ ಅಂದಾಜಿನಂತೆ, 1930ರಿಂದ 2013ರವರೆಗೆ ಕಲ್ಲಿನಿಂದ ಹೊರಬಿದ್ದದ್ದರಲ್ಲಿ ನೂರಕ್ಕೆ 43 ಪಾಲು ಹೀಗೆ ಮರಳಿದೆ. ಉರುವಲಿನ ಹೊಗೆ ಈ ಲೆಕ್ಕದಲ್ಲಿಲ್ಲ. ಈಗ ಕೆಲವೆಡೆ ಕಾಂಕ್ರೀಟು ಕಲಸುವಾಗಲೇ ಅನಿಲವನ್ನು ಒಳಗೆ ಬಿಡುತ್ತಾರೆ. ಅದು ಸುಣ್ಣದ ಕಲ್ಲಿನ ಕಣವಾಗಿ ಅಲ್ಲೇ ಉಳಿಯುತ್ತದೆ.

ಖುಷಿಯಿಂದ ಅಪ್ಪನಿಗೆ ಹೇಳಿದೆ. ಅಪ್ಪ ಮೇಲೆ ನೋಡಿದರು. ಕಳೆದ ಮಳೆಗಾಲದಲ್ಲಿ ನಮ್ಮ ಚಾಳಿನ ಸ್ಲ್ಯಾಬಿನ ಚಕ್ಕೆಯೊಂದು ತಂಗಿ ಮಲಗುವ ಜಾಗದಲ್ಲೇ ಬಿದ್ದಿತ್ತು. ಪುಣ್ಯಕ್ಕೆ ಅವಳು ಟ್ಯೂಷನ್ನಿಗೆ ಹೋಗಿದ್ದಳು.

"ಗಾಳಿ ಒಳಗ ಹೋದ್ರ ಸರಳಿಗಿ ತುಕ್ಕು ಹಿಡೀತದ, ತಮ್ಮಾ. ನಿನ್ನ ಜಮಾ ನಮ್ಮ ತಲಿ ಮ್ಯಾಲ ಬೀಳ್ತದ."

ಅಪ್ಪ ಓದಿದವರಲ್ಲ, ಹೇಳಿದ್ದು ಸರಿ. ಅನಿಲ ಆಳಕ್ಕಿಳಿದಂತೆ ಕಾಂಕ್ರೀಟಿನ ಕ್ಷಾರ ತಗ್ಗುತ್ತದೆ, ಸರಳಿನ ಕಾವಲು ಹೋಗುತ್ತದೆ. ಒಡೆದ ಕಟ್ಟಡದ ಚೂರುಗಳಿಗೆ ಮಾತ್ರ ಆ ಭಯವಿಲ್ಲ. ಪುಡಿಯಾದಷ್ಟೂ ಅವು ಬೇಗ ಹೀರುತ್ತವೆ.

"ಹಂಗಾದ್ರ ಏನ್ ಮಾಡಬೇಕಪ್ಪಾ?" ಅಂದೆ.

"ಬೇಕಾದಷ್ಟೇ ಕಲಸಬೇಕು. ಹಾಕಿದ ಮ್ಯಾಲ ದಿನಾ ನೀರು ಹೊಡೀಬೇಕು. ಕಟ್ಟಿದ್ದು ಮೊಮ್ಮಕ್ಕಳ ತನಕಾ ನಿಲ್ಲಬೇಕು."

ನಮ್ಮ ಪಠ್ಯದಲ್ಲಿ ಸವಕಳಿ ಎಂಬ ಪಾಠವಿದೆ. ಆಸ್ತಿ ಹೆಚ್ಚು ಕಾಲ ಬಾಳಿದಷ್ಟೂ ವರ್ಷದ ಹೊರೆ ಕಡಿಮೆ. ಎರಡು ಸಲ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಅರ್ಥವಾದದ್ದು ಅವತ್ತು, ತುಕ್ಕು ಸರಳು ಕಾಣುವ ಆ ಸ್ಲ್ಯಾಬಿನ ಕೆಳಗೆ ಕೂತಾಗ.